ಆವರಣದೊಳಗಿನ ಎಕ್ಸ್

ಸೀಮೆಸುಣ್ಣದ ಪುಡಿ ಕಿಟಕಿಯ ಬಿಸಿಲಲ್ಲಿ ತೇಲುತ್ತಿದೆ, ಗಣಿತದ ಮಿಸ್ ಆಮ್ನಾ ಅದನ್ನೇ ನೋಡುತ್ತ ಲಾಗ್ ಆಫ್ ಸೈನ್ ಆಫ್ ಎಕ್ಸ್ ಸ್ಕ್ವೇರ್ ಎಂದು ಬೋರ್ಡಿನ ಮೇಲೆ ಬರೆಯುತ್ತಾಳೆ — ನೋಡ್ರಪ್ಪ, ಇದು ಚೈನ್ ರೂಲು, ಹೊರಗಿಂದ ಒಳಕ್ಕೆ ಹೋಗ್ಬೇಕು, ಹೊರಗಿಂದು ಬಿಡಿಸುವಾಗ ಒಳಗಿಂದು ಇದ್ದಂಗೇ ಇರ್ಲಿ — ಹರಿಹರದ ತನ್ನ ಮನೆಯೂ ಹಾಗೇ, ಬೀದಿ ಬಾಗಿಲು, ಪಡಸಾಲೆ, ಆಮೇಲೆ ಆ ಹಸಿರು ಪರದೆ, ಪರದೆಯಾಚೆ ದಾದಿ, ಅಬ್ಬಾನ ತಾಯಿ. ದಾದಾ ತೀರಿಕೊಂಡಾಗ ಆ ಪರದೆ ಕಟ್ಟಿದ್ದು, ಮಾತಾಡಿಸಲು ಬರುವ ಗಂಡಸರಿಗೆ ಮರೆಯಾಗಲೆಂದು, ಬರಬರುತ್ತ ಮನೆಯವರೂ ಈಚೆಯೇ ನಿಂತು ಕೇಳತೊಡಗಿದರು, ಊಟ ಆತಾ, ಚಾ ಬೇಕಾ, ಬೀದಿಯ ಆ ತುದಿಗೆ ಕೇಳುವಂತೆ ಬೈಯುತ್ತಿದ್ದ ದಾದಿ, ದಿಲ್ಷಾದ್ ಬೇಗಂ, ಈಗ ಹ್ಞೂಂ ಬೇಟಾ ಎನ್ನುತ್ತಾರೆ, ಅಷ್ಟೇ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ಅವಧಿ ಹೋದ ಶುಕ್ರವಾರವೇ ಮುಗಿಯಿತು, ಪರದೆ ಮಾತ್ರ ನೇತಾಡುತ್ತಲೇ ಇದೆ. ಅವರಾಗೇ ತೆಗೀಲಿ, ನಾವು ಕೈ ಹಾಕಿದ್ರ ದಾದಾನ್ನ ಮರ್ತಂಗ ಆಗ್ತೈತೆ, ಅಮ್ಮಿ ಹೇಳಿದ್ದು, ಅಬ್ಬಾ ತಲೆಯಾಡಿಸಿದ್ದು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು, ಮರ್ಯಾದೆ ಕೊಟ್ಟು ಕೊಟ್ಟೇ ಮುದುಕಿಯನ್ನು ಮೂಲೆಗೆ ಕೂರಿಸಿದ ಮನೆ, ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ — ಒನ್ ಬೈ ಸೈನ್ ಎಕ್ಸ್ ಸ್ಕ್ವೇರ್, ಇಂಟು ಕಾಸ್ ಎಕ್ಸ್ ಸ್ಕ್ವೇರ್ — ಬೆಳಿಗ್ಗೆ ಪರದೆಯ ಅಂಚಿನಿಂದ ಆ ಕೈ ಬಂತು, ಬಳೆಯಿಲ್ಲದ ಬೋಳು ಕೈ, ಆಮ್ನಾ ಚಾಚಿದ ಚಹಾದ ಲೋಟ ಬಿಟ್ಟು ಅವಳ ಬೆರಳು ಹಿಡಿಯಿತು, ಬಿಡ್ರಿ ದಾದಿ, ದಾವಣಗೆರೆ ಬಸ್ಸು ಹೋಗ್ತೈತೆ, ಬಿಡಿಸಿಕೊಂಡು ಓಡಿದ್ದಳು, ಬಸ್ಸೂ ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು.

ಉತ್ತರದ ಕೆಳಗೆ ಗೆರೆ ಎಳೆಯುತ್ತಾಳೆ. ಮಿಸ್, ಮುಗೀಲಿಲ್ರಿ, ಮುಂದಿನ ಬೆಂಚಿನ ವಾಣಿಶ್ರೀ, ಒಳಗಿನ ಎಕ್ಸ್ ಸ್ಕ್ವೇರ್ ಹಂಗೇ ಬಿಟ್ರಲ್ರಿ. ಹುಡುಗರು ನಗುತ್ತಾರೆ, ಆಮ್ನಾಳೂ ನಗುತ್ತಾಳೆ, ಹೌದಲ್ವಾ, ಇಂಟು ಟೂ ಎಕ್ಸ್, ಅದಿಲ್ಲದಿದ್ದರೆ ಹೊರಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ — ಇದ್ದಂಗೇ ಇರ್ಲಿ ಅನ್ನುವುದು ಮೊದಲ ಹೆಜ್ಜೆಗೆ ಮಾತ್ರ, ಕೊನೆಯವರೆಗಲ್ಲ, ದಿನಾ ಪಾಠ ಹೇಳುವವಳಿಗೇ ಇದು ತಿಳಿಯಲಿಲ್ಲವೇ, ದಾದಿ ತೆಗೆಯಲಿ ಎಂದು ಮನೆಯವರು, ಮನೆಯವರು ಬರಲಿ ಎಂದು ದಾದಿ, ಅಯ್ಯೋ, ಇವತ್ತು ಬಸ್ಸಿಳಿದವಳೇ ಚಪ್ಪಲಿ ಬಿಟ್ಟು ನೇರ ಪರದೆಗೇ ಕೈ, ಅಮ್ಮಿ ಏನಾದರೂ ಅನ್ನಲಿ — ಮಿಸ್, ಬರೀರಿ, ವಾಣಿಶ್ರೀ ಮತ್ತೆ ಕರೆಯುತ್ತಾಳೆ, ಬರೆಯಲು ಎತ್ತಿದ ಕೈ ಎತ್ತಿದಂತೆಯೇ ಇದೆ, ಬೆರಳಿನಲ್ಲಿ ಇನ್ನೂ ಆ ಹಿಡಿತ, ಎಷ್ಟು ಬಿಗಿ ಇತ್ತು, ತನ್ನನ್ನು ತಡೆಯುತ್ತಿದೆ ಅಂದುಕೊಂಡಿದ್ದಳು, ಅಲ್ಲ, ಆ ಬೋಳು ಕೈ ಎಳೆಯುತ್ತಿದ್ದದ್ದು ಒಳಕ್ಕೆ.