ಯಾವಾಗಿನ ವಾಲ್ವ್

"ಇಲ್ಲಿ ಒಂದು ಸೈನ್ ಹಾಕಿಬಿಡಿ ಗುಣಪಾಲರೇ," ಎಂದು ಮ್ಯಾನೇಜರ್ ದೇವದಾಸ್ ಕಾಗದವನ್ನು ಮುಂದಕ್ಕೆ ಸರಿಸಿದರು. "ಮಾಲು ಸರಿ ಇತ್ತು, ಆಪರೇಟರ್ ಚೆನ್ನಯ ಹ್ಯಾಂಡಲ್ ಜೋರು ತಿರುಗಿಸಿದ್ದಕ್ಕೆ ಒಡೆದು ಅವನ ಕೈ ಸುಟ್ಟಿತು. ಅಷ್ಟೇ ಬರೆದದ್ದು. ನಿಮಗೂ ತಲೆಬಿಸಿ ಇಲ್ಲ, ನಮಗೂ ಇಲ್ಲ."

ಪಕ್ಕದಲ್ಲಿ ಹಳೆಯ ಪೇಪರಿನ ಮೇಲೆ ಆ ಒಡೆದ ವಾಲ್ವನ್ನು ತೊಳೆದಿಟ್ಟಿದ್ದರು. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಈ ಕಾರ್ಖಾನೆಗೆ ಒಂಬತ್ತು ವರ್ಷಗಳಿಂದ ಪ್ಲಾಸ್ಟಿಕ್ ವಾಲ್ವ್ ಕೊಡುತ್ತಿದ್ದವನು ಗುಣಪಾಲನೇ. ಕಬ್ಬಿಣವನ್ನು ಆ್ಯಸಿಡ್ ತಿಂದುಹಾಕುವ ಕಡೆ ಪ್ಲಾಸ್ಟಿಕ್ಕೇ ಗತಿ. ಆದರೆ ಯಾವ ಆ್ಯಸಿಡ್‌ಗೆ ಯಾವ ಪ್ಲಾಸ್ಟಿಕ್ ಎನ್ನುವುದೇ ಒಂದು ವಿದ್ಯೆ. ಅವನು ವಾಲ್ವನ್ನು ಎತ್ತಿ ನೋಡಿದ. ಒಳಗೆಲ್ಲ ಹಳದಿಗಟ್ಟಿತ್ತು. ಉಗುರಿನಿಂದ ಕೆರೆದರೆ ಹಳೆಯ ಸುಣ್ಣದ ಹಾಗೆ ಪುಡಿ ಉದುರಿತು. ಜೋರು ತಿರುಗಿಸಿದ್ದಕ್ಕೆ ಒಡೆದದ್ದು ಹೀಗಿರುವುದಿಲ್ಲ.

"ಈ ಲೈನಿನಲ್ಲಿ ಹೋಗುದು ಹೈಡ್ರೋಕ್ಲೋರಿಕ್ ಅಲ್ವಾ ಸಾರ್?"

"ಅದು ಹಿಂದೆ. ದೀಪಾವಳಿಯಿಂದ ಈಚೆ ನೈಟ್ರಿಕ್, ಅದೂ ಸ್ಟ್ರಾಂಗ್. ಯಾಕೆ, ಪರ್ಚೇಸಿನವ ಹೇಳ್ಲಿಲ್ವಾ?"

ಗುಣಪಾಲ ವಾಲ್ವನ್ನು ಪೇಪರಿನ ಮೇಲೆ ಇಟ್ಟ. ಹೇಳಿರಲಿಲ್ಲ, ನಿಜ. ಆದರೆ ತಾನು ಕೇಳಿದ್ದನೇ?

ಎರಡು ಸಾವಿರದ ಮೂರರಲ್ಲಿ ಅಂಗಡಿ ಇಡುವ ಮುಂಚೆ ಅವನು ಥಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಹನ್ನೊಂದು ವರ್ಷ ಸಪ್ಲಾಯರ್ ಆಗಿದ್ದ. ದಿನಾ ಬರುವ ಗಿರಾಕಿಯನ್ನು "ಏನು ಬೇಕು" ಎಂದು ಕೇಳಿದರೆ ಅದು ಅವಮಾನ ಮಾಡಿದ ಹಾಗೆ ಎಂದು ಧಣಿಗಳು ಕಲಿಸಿದ್ದರು. ಗಿರಾಕಿ ಕುರ್ಚಿ ಎಳೆಯುವಷ್ಟರಲ್ಲಿ ಅವನ ಇಡ್ಲಿ, ಅವನ ಕಡಕ್ ಚಹಾ ಎದುರಿಗಿರಬೇಕು. ಆ ರೂಢಿಯೇ ಅಂಗಡಿಗೂ ಬಂತು. ಹೊಸಬರನ್ನು ಯಾವ ಆ್ಯಸಿಡ್, ಎಷ್ಟು ಗಾಢ, ಎಷ್ಟು ಬಿಸಿ, ಎಷ್ಟು ಪ್ರೆಷರ್ ಎಂದು ಪೊಲೀಸರ ಹಾಗೆ ಜಾಲಾಡುತ್ತಿದ್ದ. ಹಳಬರು ಮಾತ್ರ ಫೋನಿನಲ್ಲಿ "ಎಂಟು, ಯಾವಾಗಿನದ್ದೇ" ಎಂದರೆ ಸಾಕು, ಸಂಜೆಯೊಳಗೆ ಮಾಲು ಗೇಟಿನಲ್ಲಿ! ಕೇಳದೆ ಕೊಡುವುದೇ ತನ್ನ ದೊಡ್ಡಸ್ತಿಕೆ ಎಂದು ಉಬ್ಬುತ್ತಿದ್ದ, ಪುಣ್ಯಾತ್ಮ.

ಡಿಸೆಂಬರಿನಲ್ಲೂ ಹಾಗೆಯೇ ಆಗಿತ್ತು. ಕಳಿಸಿದ್ದು ಎಂಟು ಪಾಲಿಪ್ರೊಪಿಲೀನ್ ವಾಲ್ವ್. ಹೈಡ್ರೋಕ್ಲೋರಿಕ್‌ಗೆ ವರ್ಷಗಟ್ಟಲೆ ಬಾಳುವ ಮಾಲು ಅದು. ಸ್ಟ್ರಾಂಗ್ ನೈಟ್ರಿಕ್ ಅದನ್ನು ತಿಂಗಳುಗಳಲ್ಲಿ ಮುಗಿಸುತ್ತದೆ. ನೈಟ್ರಿಕ್ಕನ್ನೂ ತಡೆಯುವ ಪಿವಿಡಿಎಫ್ ಪ್ಲಾಸ್ಟಿಕ್ಕಿನದ್ದು ಕೊಡಬೇಕಿತ್ತು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

"ಉಳಿದ ಏಳನ್ನೂ ಇವತ್ತೇ ತೆಗೆಸಿ ಸಾರ್."

"ಲೈನ್ ಬಂದ್ ಉಂಟು, ತೆಗೆಸುವ." ದೇವದಾಸರು ಸ್ವರ ತಗ್ಗಿಸಿದರು. "ಆದ್ರೆ ಮಾಲಿನ ತಪ್ಪು ಅಂತ ಕಾಗದದಲ್ಲಿ ಬಂದ್ರೆ ಎಂಐಡಿಸಿಯಲ್ಲಿ ನಿಮ್ಮ ಅಂಗಡಿಗೆ ಮತ್ತೆ ಯಾರು ಬರ್ತಾರೆ ಮಾರಾಯ್ರೆ? ನಮ್ಮವರು ಅಂತ ಹೇಳುದು."

"ಮತ್ತೆ ಚೆನ್ನಯನಿಗೆ?"

"ಅವನದೇ ತಪ್ಪು ಅಂತಾದ್ರೆ ಕಂಪನಿ ಎಂತ ಮಾಡ್ಲಿಕ್ಕಾಗ್ತದೆ? ಆಸ್ಪತ್ರೆ ಖರ್ಚು ಕೊಟ್ಟು ಮನೆಗೆ ಕಳಿಸ್ತಾರೆ. ನಾಳೆ ಸೈನ್ ಮಾಡಿ ಕೊಡಿ."

ಗುಣಪಾಲ ಕಾಗದವನ್ನು ಜೇಬಿಗೆ ತುರುಕಿ ರಿಕ್ಷಾ ಹಿಡಿದ. ಕಲ್ಯಾಣದ ಆಸ್ಪತ್ರೆ ಬರುವವರೆಗೂ ಜೇಬಿನ ಮೇಲಿನ ಕೈ ತೆಗೆಯಲಿಲ್ಲ.

ಚೆನ್ನಯನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಠಾಕುರ್ಲಿಯಲ್ಲಿ ಶನಿವಾರದ ಭಜನೆಗೆ ತಾಳ ಹಿಡಿಯುತ್ತಿದ್ದ ಕೈ ಅದು.

"ಬನ್ನಿ ಗುಣಪಾಲಣ್ಣ," ಎಂದು ಅವನು ಏಳಲು ಹೊರಟು ನರಳಿದ. "ನಾನೇ ಜೋರು ತಿರುಗಿಸಿದ್ನೋ ಏನೋ. ಎಲ್ರೂ ಹಾಗೇ ಹೇಳ್ತಾರೆ. ನಂಗೀಗ ಸರಿ ನೆನಪೇ ಬರುದಿಲ್ಲ."

"ಅಲ್ಲದೆ ಮತ್ತೆ?" ಎಂದಳು ಅವನ ಹೆಂಡತಿ ನಳಿನಾಕ್ಷಿ. "ಗುಣಪಾಲಣ್ಣ ಕೊಟ್ಟ ಮಾಲು ಒಡೆಯುದುಂಟಾ? ಇವರ ಕೈಯೇ ಜೋರು. ಮನೆಯ ನಳ್ಳಿ ಎರಡು ಸಲ ಮುರಿದಿದ್ದಾರೆ." ಬೈಯುತ್ತಲೇ ಅವಳು ಫ್ಲಾಸ್ಕ್ ತೆಗೆದು, ಸಕ್ಕರೆ ಡಬ್ಬಿಯನ್ನು ಆಚೆ ಸರಿಸಿದಳು. ಗುಣಪಾಲನಿಗೆ ಸಕ್ಕರೆ ಕಾಯಿಲೆ ಎಂದಾದ ಮೇಲೆ ಆರು ವರ್ಷದಿಂದ, ಭಜನೆ ಮುಗಿದು ಚಹಾ ಹಂಚುವಾಗ ಸಕ್ಕರೆ ಹಾಕದ ಅವನ ಲೋಟವನ್ನು ಬೇರೆ ಇಡುತ್ತಿದ್ದವಳು ಅವಳೇ. ಸಕ್ಕರೆ ಬೇಕೇ ಎಂದು ಒಮ್ಮೆಯೂ ಕೇಳಿದವಳಲ್ಲ.

ಗುಣಪಾಲ ಆ ಸರಿದ ಡಬ್ಬಿಯನ್ನೇ ನೋಡಿದ. ಇನ್ನು ತಡೆಯಲು ಆಗಲಿಲ್ಲ.

"ಚೆನ್ನಯ, ನಿನ್ನ ಕೈಯ ತಪ್ಪಲ್ಲ ಮಾರಾಯ. ಮಾಲೇ ತಪ್ಪು. ಒಳಗೆ ಬೇರೆ ಆ್ಯಸಿಡ್ ಬಂದಿತ್ತು, ನಾನು ಕೇಳ್ಲಿಲ್ಲ. ಯಾವಾಗಿನದ್ದೇ ಅಂದ್ರು, ಯಾವಾಗಿನದ್ದೇ ಕಳಿಸಿದೆ."

ನಳಿನಾಕ್ಷಿಯ ಕೈ ಫ್ಲಾಸ್ಕಿನ ಮೇಲೆಯೇ ನಿಂತಿತು. ಗುಣಪಾಲ ಕಾಗದ ತೆಗೆದು ಮಂಚದ ಅಂಚಿನಲ್ಲಿಟ್ಟು, ಅಚ್ಚಾದದ್ದನ್ನೆಲ್ಲ ಗೀಟೆಳೆದು ಹೊಡೆದುಹಾಕಿದ. ಈ ಆ್ಯಸಿಡ್‌ಗೆ ಈ ವಾಲ್ವ್ ಆಗುವುದಿಲ್ಲ, ವಿಚಾರಿಸದೆ ಕೊಟ್ಟವನು ನಾನು, ಆಪರೇಟರನ ತಪ್ಪಿಲ್ಲ ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಚೀಲದಲ್ಲಿದ್ದ ಅಂಗಡಿಯ ಸೀಲನ್ನೂ ಒತ್ತಿದ.

"ಇದನ್ನು ಕಂಪನಿಗೆ ಕೊಡ್ಬೇಡಿ, ಯೂನಿಯನಿನವರಿಗೆ ಕೊಡಿ. ಪರಿಹಾರ ಸಿಗ್ತದೆ."

"ನನ್ನ ಕೈಯ ತಪ್ಪಲ್ಲ," ಎಂದು ಚೆನ್ನಯ ತನಗೆ ತಾನೇ ಹೇಳಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ.

ನಳಿನಾಕ್ಷಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟಳು. ಆಮೇಲೆ ಲೋಟಕ್ಕೆ ಚಹಾ ಬಗ್ಗಿಸಿ, ಸಕ್ಕರೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಗುಣಪಾಲನ ಮುಖ ನೋಡದೆ ಕೇಳಿದಳು:

"ನಿಮಗೆ ಸಕ್ಕರೆ ಹಾಕ್ಲಿಕ್ಕುಂಟಾ?"