ಲಿಫ್ಟ್ ಭಾವನ ರಬ್ಬರ್ ಹಕ್ಕಿ

ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ಅಂಗೈಯಲ್ಲಿ ಎರಡು ಸಲ ಆಡಿಸಿ, ಕಣ್ಣು ಕಿರಿದು ಮಾಡಿ, ತೂಗಿ ನೋಡದೆ ನಮ್ಮ ಭಾವ ಕೆಳಗಿಡುತ್ತಿರಲಿಲ್ಲ. ನೀರಿನ ಲೋಟಕ್ಕೂ ಅಂಚೆಯ ಲಕೋಟೆಗೂ ಇದೇ ಉಪಚಾರ. ನನ್ನ ಮಗಳು ಹುಟ್ಟಿದ ದಿನ ಕೂಸನ್ನು ಎತ್ತಿಕೊಂಡು, "ಮೂರು ಕಿಲೋ ನೂರು" ಎಂದರು. ನರ್ಸ್ ತಕ್ಕಡಿಯನ್ನೊಮ್ಮೆ, ಇವರ ಮುಖವನ್ನೊಮ್ಮೆ ನೋಡಿದಳು.

ಮೂವತ್ತು ವರ್ಷ ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕೋಟಿನ ಎಡಜೇಬಿನಲ್ಲಿ ಸದಾ ಸ್ಪ್ಯಾನರುಗಳಿದ್ದುದರಿಂದ, ಜೇಬು ಖಾಲಿಯಿದ್ದಾಗಲೂ ಎಡಕ್ಕೆ ವಾಲಿಯೇ ನಡೆಯುತ್ತಿದ್ದರು. ಮಾತು ಬಲು ದುಬಾರಿ. ಕೆಟ್ಟ ಲಿಫ್ಟಿನ ವಿಷಯ ಕೇಳಿ, ಕೆಟ್ಟ ಕಾಲದ ವಿಷಯ ಕೇಳಿ, ಉತ್ತರ ಒಂದೇ: "ನೋಡೋಣ."

ಅಂಥ ಭಾವನ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಎದೆಯಲ್ಲೊಂದು ಗಂಟು ಕಾಣಿಸಿತು. ಅದರ ಚೂರನ್ನು ಪರೀಕ್ಷೆಗೆ ಕಳಿಸಿದ ವೈದ್ಯರು ಹತ್ತು ದಿನ ಕಾಯಲು ಹೇಳಿದರು. ಮನೆಗೆ ಬಂದವರೇ ಭಾವ ಹಳೆಯ ಬಿದಿರಿನ ಪರದೆಯಿಂದ ನಾಲ್ಕು ಕಡ್ಡಿ ಕಿತ್ತುಕೊಂಡು ಊಟದ ಮೇಜಿಗೆ ಕೂತರು.

"ಏನ್ರೀ ಅದು?"

"ಹಕ್ಕಿ. ರಬ್ಬರ್ ಬ್ಯಾಂಡಲ್ಲಿ ರೆಕ್ಕೆ ಬಡಿಯೋದು."

ಜೊತೆಗಿರಲೆಂದು ಹೋಗಿದ್ದ ನನ್ನ ಮುಂದೆ ಅಕ್ಕ ಅಡುಗೆಮನೆಯಲ್ಲಿ ಸಿಡಿದಳು: "ನಾನಿಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿದೀನಿ, ಇವರಿಗೆ ಆಟಿಕೆ ಮಾಡೋ ಸಂಭ್ರಮ!" ನನಗೂ ಮೈಯೆಲ್ಲ ಉರಿಯಿತು. ಮೂರನೆಯ ದಿನ ಕೇಳಿಯೇಬಿಡೋಣವೆಂದು ಮೇಜಿನ ಬಳಿ ಹೋದೆ. ನೆಲದ ಮೇಲೆ ಸೊಟ್ಟಗೆ ಬಾಗಿದ ತಂತಿಗಳು ಹನ್ನೊಂದಿದ್ದವು. ರೆಕ್ಕೆಗಳೆರಡನ್ನೂ ಸಮಸಮವಾಗಿ ಎತ್ತಿ ಇಳಿಸಬೇಕಾದ ತಂತಿಯ ಪುಟ್ಟ ಹಿಡಿಕೆಯನ್ನು ಬಾಗಿಸಲು ಹೊರಟ, ಆಳು ಗಾತ್ರದ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಆ ಕೈಗಳು, ಎಲೆಯಂತೆ ಅದುರುತ್ತಿದ್ದವು.

"ಭಾವ, ಭಯ ಆಗ್ತಿದೆಯಾ?"

ಅವರು ಕಡ್ಡಿಯೊಂದನ್ನು ಅಂಗೈಯಲ್ಲಿ ಆಡಿಸಿದರು. "ಇದು ಸ್ವಲ್ಪ ಭಾರ ಆಯ್ತು" ಎಂದು ಹೆರೆಯತೊಡಗಿದರು. ನಾನು ತೆಪ್ಪಗೆ ಹಿಂತಿರುಗಿದೆ.

ಏಳನೆಯ ದಿನ ಹಕ್ಕಿ ಸಿದ್ಧವಾಯಿತು. ರಬ್ಬರನ್ನು ನೂರು ಸುತ್ತು ತಿರುಚಿ ಬಿಟ್ಟರೆ ಪಟಪಟನೆ ಬಡಿದುಕೊಂಡು ಮೂಗು ಮುಂದಾಗಿ ಸೋಫಾದ ಮೇಲೆ ಬಿತ್ತು. ಮತ್ತೆ ಬಿಟ್ಟರು, ಮತ್ತೆ ಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, ಬಟ್ಟೆ ಹೊಲಿದೇ ಬದುಕಿದವಳು, ತಡೆಯಲಾರದೆ ಬಂದು ರೆಕ್ಕೆಯ ತೆಳು ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇದೇನ್ರೀ, ತಮಟೆ ಬಿಗಿದಂಗೆ ಬಿಗಿದಿದೀರಾ! ಗಾಳಿ ಎಲ್ಲಿ ತುಂಬ್ಕೋಬೇಕು? ಸಡಿಲ ಬಿಡಿ."

"ಸಡಿಲ ಬಿಟ್ರೆ ಬೀಳುತ್ತೆ."

"ಈಗೇನು ಹಾರ್ತಾ ಇದೆಯಾ?"

ಜನ್ಮವೆಲ್ಲ ಲಿಫ್ಟಿನ ಬಿಗಿದ ಹಗ್ಗಗಳನ್ನೇ ನಂಬಿದ್ದ ಭಾವ ಹಕ್ಕಿಯನ್ನು ಅವಳತ್ತ ಸರಿಸಿದರು. ಅಕ್ಕ ಕುರ್ಚಿ ಎಳೆದುಕೊಂಡು ಹಾಳೆಯನ್ನು ಬಿಡಿಸಿ, ನೆರಿಗೆಯಷ್ಟು ಜೋಲು ಬಿಟ್ಟು ಮತ್ತೆ ಅಂಟಿಸಲು ಕೂತಳು. ಮುಂದಿನ ಎರಡು ದಿನ ಅವರಿಬ್ಬರೂ ಕೋಳಿಗಳಂತೆ ಜಗಳವಾಡಿದರು. ಆ ಮನೆಗೆ ಉಸಿರು ಬಂದಂತಾಯಿತು.

ಹತ್ತನೆಯ ಬೆಳಿಗ್ಗೆ ಭಾವ ರಬ್ಬರ್ ತಿರುಚಿ ಮುಗಿಸುವಷ್ಟರಲ್ಲಿ ಫೋನ್ ಬಂತು. ಅಕ್ಕ ಕೇಳಿಸಿಕೊಂಡಳು, ಎರಡು ಸಲ "ಹೂಂ" ಎಂದಳು, ಗೋಡೆಗೆ ಒರಗಿದಳು.

"ಏನೂ ಇಲ್ವಂತೆ ಕಣ್ರೀ. ಬರೀ ಕೊಬ್ಬಿನ ಗಂಟಂತೆ."

ಭಾವನ ಬೆರಳುಗಳು ತಾವಾಗಿ ತೆರೆದುಕೊಂಡವು. ಹಕ್ಕಿ ಮೇಲೆದ್ದಿತು. ನಿಂತ ಫ್ಯಾನಿನ ಕೆಳಗೆ ಹಾದು, ಬೀರುವನ್ನು ಬಳಸಿ, ಒಂದು ಪೂರ್ಣ ಸುತ್ತು ಹಾಕಿ ಕಿಟಕಿಯ ಬದಿಯಲ್ಲಿ ಮೆಲ್ಲಗೆ ಇಳಿಯಿತು. ಕಂಡವನು ನಾನೊಬ್ಬನೇ. ಭಾವ ನೆಲದ ಮೇಲೆ ಕುಕ್ಕರಿಸಿ, ಕೋಟಿನ ತೋಳಿಗೆ ಮುಖವೊತ್ತಿ ಬಿಕ್ಕುತ್ತಿದ್ದರು. ಅಕ್ಕ ಅವರ ತಲೆ ಸವರುತ್ತಿದ್ದಳು.

"ಇಲ್ಲ ಅಂದಿದ್ದಕ್ಕೇ ಹೀಗೆ. ಇದೆ ಅಂದಿದ್ರೆ ಏನ್ ಮಾಡ್ತಿದ್ರಿ?"

"ಇನ್ನೊಂದು ಹಕ್ಕಿ ಮಾಡ್ತಿದ್ದೆ."

ಅಕ್ಕ ನಕ್ಕಳು, ಹತ್ತು ದಿನಗಳ ಬಾಕಿ ನಗುವನ್ನೆಲ್ಲ ಒಟ್ಟಿಗೇ ನಕ್ಕಳು.

ಸಾಂತ್ವನದ ಮಾತು ಬಾರದವರನ್ನು ಕಲ್ಲುಹೃದಯದವರೆನ್ನುವುದು ನಮ್ಮಂಥ ಮಾತುಬಲ್ಲವರ ಚಟ. ಕಷ್ಟ ಬಂದಾಗ ನಾವು ಹೇಳಿಕೊಳ್ಳುತ್ತೇವೆ, ಅತ್ತು ಹಗುರಾಗುತ್ತೇವೆ, ನಡುವೆ ನಿದ್ದೆಯನ್ನೂ ತೆಗೆಯುತ್ತೇವೆ. ಅವರು ಕೈಗೊಂದು ಕೆಲಸ ಕೊಟ್ಟು ಅದರ ಮರೆಯಲ್ಲಿ ನಿಂತು ನಡುಗುತ್ತಾರೆ. ಅಂಥವರನ್ನು ಏನೂ ಕೇಳಬಾರದು. ಪಕ್ಕದಲ್ಲಿ ಕೂತು, ಅವರು ಮಾಡುತ್ತಿರುವುದರಲ್ಲೊಂದು ತಪ್ಪು ಹುಡುಕಬೇಕು.