ಕೊಕ್ಕರೆಯ ಎಡರೆಕ್ಕೆ

ದ್ವೀಪಕ್ಕೆ ಬಂದ ಎರಡನೆಯ ದಿನವೂ ನನಗೆ ಏನೂ ಅನ್ನಿಸಲಿಲ್ಲ. ದೇವಸ್ಥಾನದ ಕಲ್ಲುಮೆಟ್ಟಿಲುಗಳನ್ನು ಹತ್ತಿದೆ, ಇಳಿದೆ. ಸಮುದ್ರ ಪಾದದವರೆಗೆ ಬಂದು ಹಿಂದಿರುಗಿತು. ಮರಳು ಸುಡುತ್ತಿದೆಯೆಂದು ಜೊತೆಯವರು ಹೇಳಿದ ಮೇಲೆ, ಇರಬಹುದು ಎಂದುಕೊಂಡೆ. ಹೆಂಡತಿ ತೀರಿಕೊಂಡಂದಿನಿಂದ ನನ್ನ ಸ್ಥಿತಿ ಹೀಗೆಯೇ. ಹಲ್ಲು ಕೀಳಿಸಲು ಸೂಜಿ ಹಾಕಿಸಿಕೊಂಡವನು ತನ್ನ ತುಟಿಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಾನಲ್ಲ, ಹಾಗೆ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದೆ. ಯಾರದೋ ತುಟಿ.

"ಭಾವ, ದೇವರ ಮುಂದೆ ಕಣ್ಣಾದ್ರೂ ಮುಚ್ಚಬಾರದಾ? ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ನಿಂತ ಹಾಗೆ ನಿಂತಿದ್ರಿ," ಎಂದಳು ನಾದಿನಿ. ಹೆಂಡತಿಯ ಒಬ್ಬಳೇ ತಂಗಿ. ನಾನು ಅತ್ತಿಲ್ಲವೆಂಬುದೇ ಅವಳಿಗೆ ದೊಡ್ಡ ಚಿಂತೆ.

"ಕೂಗಿದರೆ ಹೋಗೋಣ ಅಂತ ಕಾಯ್ತಿದ್ದೆ."

"ನಿಮ್ಮ ನಂಬರು ಇನ್ನೂ ಬಂದಿಲ್ಲ. ಸುಮ್ಮನೆ ನಡೀರಿ."

ನಾನು ಬಂದದ್ದು ದೇವಸ್ಥಾನಕ್ಕಲ್ಲ, ಕಡಲತೀರಕ್ಕೂ ಅಲ್ಲ. ಒಂದು ಮರದ ಕೊಕ್ಕರೆಗಾಗಿ. ಹಲವು ವರ್ಷಗಳ ಹಿಂದೆ ನಾವಿಬ್ಬರೂ ಇದೇ ದ್ವೀಪಕ್ಕೆ ಬಂದಿದ್ದೆವು. ಕೆತ್ತನೆಯ ಅಂಗಡಿಯೊಂದರ ಜಗುಲಿಯಲ್ಲಿ ಒಬ್ಬ ಕೆತ್ತನೆಗಾರ ಚಾಪೆಯ ಮೇಲೆ ಕುಳಿತು ಕೊಕ್ಕರೆಯನ್ನು ಕಡೆಯುತ್ತಿದ್ದ. ಬಲರೆಕ್ಕೆ ಗರಿಗರಿಯಾಗಿ ಬಿಚ್ಚಿಕೊಂಡಿತ್ತು. ಎಡರೆಕ್ಕೆ ಇನ್ನೂ ಬರಿಯ ಮರ. ಬಸ್ಸು ಹಾರನ್ ಹೊಡೆಯುವವರೆಗೆ ಅವಳು ಅಲ್ಲಿಂದ ಅಲುಗಲಿಲ್ಲ. "ನನಗೆ ಇದೇ ಬೇಕು. ಮುಗಿಸಿ ಇಟ್ಟಿರಿ, ಬಂದು ತಗೊಂಡು ಹೋಗ್ತೀವಿ," ಎಂದಳು. ಅವನು ತಲೆಯಾಡಿಸಿದ.

ಮನೆಗೆ ಮರಳಿದವಳೇ ನನ್ನ ಕವನಸಂಕಲನಗಳನ್ನು ಅತ್ತಿತ್ತ ಸರಿಸಿ ಕಪಾಟಿನಲ್ಲಿ ಗೇಣಗಲ ಜಾಗ ಮಾಡಿದಳು. "ಮನೇಲಿ ಬಕಧ್ಯಾನ ಮಾಡೋರು ನೀವೊಬ್ಬರೇ ಆಗಿಬಿಟ್ಟಿದೀರಿ. ಪಾಪ, ಜೊತೆಗೊಂದು ಇರಲಿ." ಹೊಸ ಪುಸ್ತಕಗಳು ಮಂಚದ ಕೆಳಗೆ ಸೇರಿದವೇ ಹೊರತು ಆ ಜಾಗಕ್ಕೆ ಹೋಗಲಿಲ್ಲ. ಅದರ ಧೂಳನ್ನು ಮಾತ್ರ ತಪ್ಪದೆ ಒರೆಸುತ್ತಿದ್ದಳು. ಮತ್ತೆ ಬರುವ ಮಾತು ಇವತ್ತು ನಾಳೆ ಎನ್ನುತ್ತಲೇ ಮುಂದೆ ಹೋಯಿತು; ಒಮ್ಮೆ ಅವಳ ಮಂಡಿ, ಒಮ್ಮೆ ನನ್ನ ಕಣ್ಣು. ಈಗ ಅವಳ ಸೀರೆಗಳು ಯಾರ್ಯಾರದೋ ಮನೆ ಸೇರಿವೆ. ಅವಳದೆಂದು ಉಳಿದಿರುವುದು ಆ ಗೇಣಗಲದ ಬರಿದು. ಅಲ್ಲಿ ಆ ಹಕ್ಕಿ ಕುಳಿತ ದಿನ ಅವಳು ಹೋದ ಸುದ್ದಿ ನನಗೂ ತಲುಪೀತು ಎಂಬುದು ನನ್ನ ನಂಬಿಕೆ.

ನಿನ್ನೆ ಅಂಗಡಿಗೆ ಬಂದಾಗ ಅದೇ ಜಗುಲಿ, ಅದೇ ಮನುಷ್ಯ, ತಲೆ ಮಾತ್ರ ನರೆತಿತ್ತು. ಕೈಯಲ್ಲಿ ಕೊಕ್ಕರೆ; ಎಡರೆಕ್ಕೆಯಲ್ಲಿ ಅರ್ಧದಷ್ಟು ಗರಿಗಳು. ನಾಳೆಗೆ ಮುಗಿದೀತೆಂದುಕೊಂಡು ಗುಂಪಿನ ಜೊತೆ ಹೊರಟೆ. ಇಂದು ಬಂದು ನೋಡಿದರೆ ಎಡಗಡೆ ಒಂದು ಗರಿಯೂ ಇಲ್ಲ. ನಿನ್ನೆ ಮೂಡಿದ್ದೆಲ್ಲ ಮರಳಿ ಮರದೊಳಗೆ ಹೋಗಿ ಮಲಗಿದಂತಿತ್ತು.

"ನಿನ್ನೆ ಅರ್ಧ ಆಗಿತ್ತಲ್ಲ?" ಎಂದೆ.

ಜಗುಲಿಯಲ್ಲಿ ಆಗ ನಮ್ಮನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವನು ಉಳಿಯನ್ನು ಕೆಳಗಿಟ್ಟ.

"ಅದು ಒಳಗೆ ಹೋಯ್ತು, ಯಜಮಾನ್ರೇ. ಅರ್ಧ ದಾಟಿದರೆ ಒಳಗಿನವರು ತಗೊಂಡು ಹೋಗಿ ಮುಗಿಸ್ತಾರೆ. ನನಗೆ ಇನ್ನೊಂದು ಕೊಡ್ತಾರೆ. ಮುಗಿದಿದ್ದರ ಮುಂದೆ ಜನ ನಿಲ್ಲಲ್ಲ. ಕೈ ಆಡ್ತಾ ಇರಬೇಕು, ರೆಕ್ಕೆ ಬರ್ತಾ ಇರಬೇಕು."

"ಹಾಗಾದರೆ ನೀವು ಮುಗಿಸಿದ್ದು?"

"ಇಲ್ಲಿ ಕೂತ ಮೇಲೆ ಒಂದೂ ಇಲ್ಲ. ಮದುವೆ ದಲ್ಲಾಳಿ ಬಾಳು ನಂದು. ಹೆಣ್ಣು ತೋರಿಸೋದು ನಾನು, ಊಟದ ಹೊತ್ತಿಗೆ ಯಾರೂ ಕರೆಯಲ್ಲ."

ಒಳಗಿನ ಕಪಾಟಿನ ಉದ್ದಕ್ಕೂ ಮುಗಿದ ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ನಾದಿನಿ ಒಂದನ್ನು ಎತ್ತಿ ತಂದಳು.

"ಇದೂ ಅದೇ ತಾನೇ, ಭಾವ? ಅದೇ ಕೊಕ್ಕು, ಅದೇ ಕಾಲು. ತಗೊಳ್ಳಿ. ಅಕ್ಕ ಏನು ಬಂದು ಗುರುತು..." ಎಂದವಳು ಮಾತನ್ನು ನುಂಗಿಕೊಂಡಳು.

ಕೈಗೆ ತೆಗೆದುಕೊಂಡೆ. ಎರಡು ರೆಕ್ಕೆಗಳೂ ಇದ್ದವು. ಎಣ್ಣೆ ಸವರಿದ ಮರ ನುಣುಪಾಗಿತ್ತು. ಗೇಣಗಲದಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಅದನ್ನು ನೋಡುತ್ತ ನನಗೆ ಏನೂ ಆಗಲಿಲ್ಲ. ಹಿಂದಕ್ಕೆ ಕೊಟ್ಟೆ.

ಕೆತ್ತನೆಗಾರನಿಗೆ ಹಳೆಯ ಭೇಟಿಯನ್ನು ನೆನಪಿಸಿದೆ. ನೆನಪಿದೆಯೆಂದು ಅವನು ಸುಳ್ಳಾಡಲಿಲ್ಲ.

"ಬರ್ತೀವಿ ಅಂತ ಎಲ್ಲರೂ ಹೇಳ್ತಾರೆ. ನಾನೂ ಹೂಂ ಅಂತೀನಿ. ನಿಜವಾಗ್ಲೂ ಬಂದೋರು ನೀವೊಬ್ಬರೇ," ಎಂದ. ಆಮೇಲೆ ನನ್ನ ಬೆನ್ನ ಹಿಂದೆ ನೋಡಿ, "ಅಮ್ಮಾವ್ರು ಬರಲಿಲ್ವಾ?" ಎಂದು ಕೇಳಿದ.

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಹಾಲಿನವನಿಗೆ, ಪಿಂಚಣಿ ಕಚೇರಿಯ ಗುಮಾಸ್ತನಿಗೆ, ಫೋನಿನಲ್ಲಿ ದೂರದ ಬಂಧುಗಳಿಗೆ, "ಹೋಗಿಬಿಟ್ಟಳು" ಎಂದು ಎಷ್ಟೋ ಸಲ ಹೇಳಿದ್ದೆ. ಪ್ರತಿಸಲವೂ ಸಂತೆಗೆ ಹೋದವಳ ಸುದ್ದಿ ಹೇಳಿದ ಹಾಗೆ, ದನಿ ಒಂದಿಷ್ಟೂ ಕದಲದೆ. ಈಗ ಬಾಯಿ ತೆರೆದೆ. ಆ ಮಾತು ಬರಲಿಲ್ಲ.

"ಇಲ್ಲ," ಎಂದೆ. "ಮುಗಿದಿದೆಯಾ ನೋಡ್ಕೊಂಡು ಬನ್ನಿ ಅಂದಳು."

ಅವನು ಕೊಕ್ಕರೆಯ ಎಡಮೈಯ ಮೇಲೆ, ಗರಿಗಳು ಬರಬೇಕಾದ ಕಡೆ, ಹೆಬ್ಬೆರಳನ್ನು ನಿಧಾನವಾಗಿ ಎಳೆದ.

"ಇನ್ನೂ ಸ್ವಲ್ಪ ಇದೆ ಅಂತ ಹೇಳಿ," ಎಂದ.

ನಾದಿನಿ ಬಾಗಿಲ ಕಡೆಗೆ ತಿರುಗಿ ನಿಂತಿದ್ದಳು. ಸೆರಗಿನ ತುದಿ ಅವಳ ಬಾಯಿಗೆ ಒತ್ತಿಕೊಂಡಿತ್ತು.

ಅವನು ಮತ್ತೆ ಉಳಿ ಹಿಡಿದು ಕೊಡತಿ ಎತ್ತಿದ. ಮೊದಲ ಪೆಟ್ಟಿಗೆ ಮರ ಒಂದಿಷ್ಟು ಜಾರಿತು. ನಾನು ಮಂಡಿಯೂರಿ ಎರಡೂ ಅಂಗೈಗಳಿಂದ ಹಕ್ಕಿಯ ಬುಡವನ್ನು ಒತ್ತಿ ಹಿಡಿದೆ. ಅವನು ಬೇಡವೆನ್ನಲಿಲ್ಲ. ಪೆಟ್ಟು ಮರದೊಳಗಿಂದ ಇಳಿದು ಬಂದು ಅಂಗೈಗೆ ತಾಗಿತು. ಮತ್ತೊಂದು ತಾಗಿತು. ಮೊಣಕೈಯವರೆಗೂ ಬಂತು. ಸಣ್ಣ ಚಕ್ಕೆಗಳು ನನ್ನ ಅಂಗಿಯ ತೋಳಿನ ಮೇಲೆ ಬಿದ್ದವು. ಕೊಡವಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಹೊರಗೆ ಹಾರನ್ ಕೇಳಿಸಿತು.

"ಭಾವ, ಬಸ್ಸು," ಎಂದಳು ನಾದಿನಿ. ಆ ಒಂದು ಮಾತಿನಲ್ಲಿ ಅವಳದು ಅಕ್ಕನದೇ ದನಿ.

"ಇರಮ್ಮ," ಎಂದೆ, ತಲೆ ಎತ್ತದೆ. "ಇನ್ನೂ ಸ್ವಲ್ಪ ಇದೆ."